ನಡುಗೋಡೆಗೊಂದು ಕಿಟಕಿ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಿಂದಿನವರು ಮನೆ ಕಟ್ಟುತ್ತಿದ್ದುದು ತೆಂಗಿನಕಾಯಿಗೆ. ಕಾಯಿ ಇಟ್ಟು ಮಿಕ್ಕ ಜಾಗದಲ್ಲಿ ಮನುಷ್ಯರು ಇರುತ್ತಿದ್ದರು. ತಮಾಷೆಗೆ ಹೇಳಿದ ಮಾತಾದರೂ ಪೂರ್ತಿ ಸುಳ್ಳಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು, ಕೆಲವು ಸಲ ಇಡೀ ವರ್ಷ, ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಕಾಯಿ ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದರೆ ಇಡೀ ಗಿಟುಕು ಕೈಗೆ ಬರುತ್ತದೆ. ಇದಕ್ಕೆ ಬೇಕಾದ್ದು ನೆರಳು, ಒಣ ಗಾಳಿ, ಒಂದಿಷ್ಟು ಬೆಚ್ಚಗಿನ ಶಾಖ. ಬೆಳಕಿನ ಅಗತ್ಯ ಕಾಯಿಗೆ ಇಲ್ಲವೇ ಇಲ್ಲ. ಹಾಗಾಗಿ ಮನೆಗೂ ಕಿಟಕಿಯ ಅಗತ್ಯವಿದೆ ಎಂದು ಯಾರಿಗೂ ತೋಚಲಿಲ್ಲ. ಕಳ್ಳರ ಭಯ ಬೇರೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಗೇಣಿನ ಗವಾಕ್ಷಿ ಇಟ್ಟರೆ ಅದೇ ಹೆಚ್ಚು, ಅದರಲ್ಲೂ ಗುಬ್ಬಚ್ಚಿ ಗೂಡು ಕಟ್ಟಿರುತ್ತಿತ್ತು.

ಹಾಗಾದರೆ ಬೆಳಕು ಎಲ್ಲಿಂದ ಬರುತ್ತಿತ್ತು? ತೊಟ್ಟಿಯಿಂದ. ಮಕ್ಕಳೇ, ನಿಮ್ಮಲ್ಲಿ ಹೆಚ್ಚಿನವರು ತೊಟ್ಟಿ ಮನೆ ನೋಡಿರಲಾರಿರಿ. ಮನೆಯ ನಟ್ಟನಡುವೆ ಚೌಕವಾಗಿ ಒಂದಿಷ್ಟು ಜಾಗ, ಅದಕ್ಕೆ ಸೂರಿಲ್ಲ. ಸುತ್ತಲೂ ಮರದ ಕಂಬ, ಕಂಬದ ಹಿಂದೆ ಪಡಸಾಲೆ, ಅದರ ಹಿಂದೆ ಕೋಣೆಗಳು. ನಾಲ್ಕೂ ಕಡೆಯ ಹೆಂಚಿನ ನೀರು ತೊಟ್ಟಿಗೆ ಬಿದ್ದು ಒಂದು ಮೋರಿಯಲ್ಲಿ ಹಿತ್ತಲಿಗೆ ಹೋಗುತ್ತಿತ್ತು. ಮಳೆ ಬಂದರೆ ಮನೆಯೊಳಗೇ ಮಳೆ, ಹುಣ್ಣಿಮೆ ಬಂದರೆ ಮನೆಯೊಳಗೇ ಬೆಳದಿಂಗಳು. ನಮ್ಮೂರಿನ ಅಕ್ಷಾಂಶ 13 ಡಿಗ್ರಿಗಿಂತ ತುಸು ಮೇಲಿದೆ. ಆದ್ದರಿಂದ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಈಗ ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಹನ್ನೆರಡು ಇಪ್ಪತ್ತರಿಂದ ಹನ್ನೆರಡೂವರೆಯ ಒಳಗೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ, ನೆರಳು ಕೋಲಿನ ಬುಡದಲ್ಲೇ ಅಡಗಿರುತ್ತದೆ. ನನ್ನ ಬಾಲ್ಯದಲ್ಲಿ ಆ ಹೆಸರು ನಮಗೆ ಗೊತ್ತಿರಲಿಲ್ಲ. ತೊಟ್ಟಿಯ ಚೌಕದಷ್ಟೇ ಅಗಲದ ಬಿಸಿಲು ತೊಟ್ಟಿಯ ಕಲ್ಲಿನ ಮೇಲೆ ಅಳತೆ ಮಾಡಿ ಇಟ್ಟ ಹಾಗೆ ಕೂರುವುದನ್ನು ನೋಡಿದ್ದೆವು, ಅಷ್ಟೆ.

ಆ ತೊಟ್ಟಿಯ ಮೇಲೆ 1983ರಲ್ಲಿ ಗೋಡೆ ಬಂತು. ಅಪ್ಪ ಮತ್ತು ದೊಡ್ಡಪ್ಪನ ಪಾಲು. ತೋಟ ಹಂಚುವುದು ಸುಲಭ, ಮರ ಎಣಿಸಿದರೆ ಆಯಿತು. ಮನೆ ಹಂಚುವುದೇ ಕಷ್ಟ. ಪಂಚಾಯಿತಿ ಮಾಡಿದ ಹಿರಿಯರು ಹಗ್ಗ ಹಿಡಿದು, ಬೀದಿಬಾಗಿಲಿನಿಂದ ಹಿತ್ತಿಲಿನವರೆಗೆ ನೇರ ಗೆರೆ ಎಳೆದರು. ಗೆರೆ ತೊಟ್ಟಿಯ ನಡುವೆಯೇ ಹೋಯಿತು. ಮೂಡಣ ಅರ್ಧ ದೊಡ್ಡಪ್ಪನಿಗೆ, ಪಡುವಣ ಅರ್ಧ ನಮಗೆ. ಗೋಡೆಯ ಖರ್ಚು ಅರ್ಧರ್ಧ. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ, ದೂರದ ಊರಿನಲ್ಲಿ ಕೆಲಸ. ಹಬ್ಬಕ್ಕೆ ಬಂದಾಗ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು.

ಅರ್ಧ ತೊಟ್ಟಿ ಯಾವ ಕೆಲಸಕ್ಕೂ ಬಾರದು. ದೊಡ್ಡಪ್ಪ ತಮ್ಮ ಅರ್ಧಕ್ಕೆ ಜಿಂಕ್ ಶೀಟು ಹೊದಿಸಿ ಅಡಿಯಲ್ಲಿ ಕಾಯಿ ಗುಡ್ಡೆ ಹಾಕಿದರು. ನಮ್ಮಪ್ಪ 1991ರಲ್ಲಿ ನಮ್ಮ ಅರ್ಧಕ್ಕೆ ಮೋಲ್ಡ್ ಹಾಕಿಸಿ ಮೇಲೊಂದು ರೂಮು ಕಟ್ಟಿಸಿದರು. ಕೆಳಗೆ ಉಂಟಾದದ್ದು 12 ಅಡಿಗೆ 10 ಅಡಿಯ ನಡುಮನೆ. ಪಡುವಣ ಗೋಡೆಗೆ ಪಕ್ಕದವರ ಗೋಡೆ ಅಂಟಿಕೊಂಡಿದೆ. ಬಡಗಣಕ್ಕೆ ಪಡಸಾಲೆ, ತೆಂಕಣಕ್ಕೆ ಅಡುಗೆಮನೆ. ಬೀದಿಬಾಗಿಲಿನ ಬೆಳಕು ಪಡಸಾಲೆಗೆ ಸಾಕಾಗುತ್ತದೆ, ನಡುಮನೆಗೆ ಬರುವಷ್ಟು ಮಿಕ್ಕಿರುವುದಿಲ್ಲ. ಹಗಲು ಹನ್ನೊಂದು ಗಂಟೆಗೂ ಟ್ಯೂಬ್‌ಲೈಟ್ ಬೇಕು. ಕರೆಂಟು ಹೋದರೆ ಅಲ್ಲಿ ರಾತ್ರಿ.

2011ರಲ್ಲಿ ನಿವೃತ್ತನಾಗಿ ಊರಿಗೆ ಬಂದು ನೆಲೆಸಿದೆವು. ಹದಿಮೂರು ವರ್ಷ ಆ ಕತ್ತಲೆಗೆ ಹೊಂದಿಕೊಂಡಿದ್ದೆವು. 2024ರ ದೀಪಾವಳಿಗೆ ನಾಲ್ಕು ದಿನ ಮುಂಚೆ ಕರೆಂಟು ಹೋದಾಗ ನನ್ನಾಕೆ ನಡುಮನೆಯ ಹೊಸಲು ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪಟ್ಟಿ. ಆ ಆರು ವಾರ ನಾನು ಮಾಡಿದ ಸಾರಿನ ರುಚಿಯನ್ನು ಇಲ್ಲಿ ವಿವರಿಸುವುದಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ತುಮಕೂರಿನಲ್ಲಿ ಕಣ್ಣಿನ ಡಾಕ್ಟರರಿಗೂ ತೋರಿಸಿದೆವು. ಪೊರೆ ಇನ್ನೂ ಬಲಿತಿಲ್ಲ ಎಂದರು. ಜೊತೆಗೆ ಅವರು ಹೇಳಿದ ಒಂದು ಸಂಗತಿ ನನ್ನ ವಯಸ್ಸಿನ ಓದುಗರೆಲ್ಲರಿಗೂ ಗೊತ್ತಿರಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಪ್ರಾಯದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರವರಿಗೆ ತಲುಪುತ್ತದೆಯಂತೆ. ಅಂದರೆ ಒಂದೇ ಕೋಣೆಯಲ್ಲಿ ಕೂತಿದ್ದರೂ ಮೊಮ್ಮಗಳ ಮನೆ ಬೇರೆ, ಅಜ್ಜಿಯ ಮನೆ ಬೇರೆ. "ಅಲ್ಲೇ ಇದೆಯಲ್ಲಜ್ಜಿ, ಕಾಣಲ್ವಾ?" ಎಂದು ಕೇಳುವ ಮಕ್ಕಳು ಇದನ್ನು ನೆನಪಿಡಿ.

ಹೇಗೆ ಬೆಳಕು ತರುವುದು ಎಂದು ಲೆಕ್ಕ ಹಾಕಿದೆ. ಲೆಕ್ಕ ನನ್ನ ಕಸುಬು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಣ ಸೆಕೆಯ ಊರುಗಳಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಇರಬೇಕು, ತೇವದ ಸೆಕೆಯ ಊರುಗಳಲ್ಲಿ ಆರನೇ ಒಂದು ಭಾಗ. ನಮ್ಮ ನಡುಮನೆ 120 ಚದರ ಅಡಿ. ಹತ್ತರಲ್ಲೊಂದು ಎಂದರೂ 12 ಚದರ ಅಡಿ, ಅಂದರೆ 4 ಅಡಿಗೆ 3 ಅಡಿಯ ಒಂದು ಕಿಟಕಿ. ಇದ್ದದ್ದು ಸೊನ್ನೆ. ಗಾಜಿನ ಹೆಂಚು ಹಾಕಿಸೋಣವೆಂದರೆ ಮೇಲೆ ಹೆಂಚಿಲ್ಲ, ಮೋಲ್ಡಿದೆ, ಅದರ ಮೇಲೆ ರೂಮಿದೆ. ಉಳಿದದ್ದು ಒಂದೇ ಗೋಡೆ, ಮೂಡಣದ ನಡುಗೋಡೆ. ಗೋಡೆಯ ಆಚೆ ದೊಡ್ಡಪ್ಪನ ಮಗ, ನಮ್ಮ ಅಣ್ಣಯ್ಯ. ನನಗೆ 74, ಅವನಿಗೆ 82.

ನಮ್ಮಿಬ್ಬರಿಗೆ ಜಗಳವೇನೂ ಇರಲಿಲ್ಲ. ಮದುವೆ, ತಿಥಿ, ನಾಮಕರಣಕ್ಕೆ ಹೋಗಿ ಬರುತ್ತಿದ್ದೆವು. ಎದುರು ಸಿಕ್ಕರೆ "ಊಟ ಆಯ್ತಾ?" "ಆಯ್ತು". ಅಪ್ಪಂದಿರ ಕಾಲದ ಮಾತು ಅಪ್ಪಂದಿರ ಜೊತೆ ಹೋಯಿತು, ಆದರೆ ಹೊಸ ಮಾತು ಹುಟ್ಟಿರಲಿಲ್ಲ. ನಲವತ್ತೆರಡು ವರ್ಷ ಒಂದೇ ಗೋಡೆಗೆ ಬೆನ್ನು ಹಚ್ಚಿ ಮಲಗಿದವರು ಒಬ್ಬರಿಗೊಬ್ಬರು ಹೀಗೂ ಇರಬಹುದು. ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಹೋದದ್ದು ಗ್ರಾಮ ಪಂಚಾಯಿತಿಗೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಹೊಸ ಮನೆಗೆ ಮಾತ್ರವಲ್ಲ, ಇರುವ ಕಟ್ಟಡವನ್ನು ಬದಲಿಸುವುದಕ್ಕೂ ಪಂಚಾಯಿತಿಯ ಅನುಮತಿ ಬೇಕು. ನನ್ನ ಅರ್ಜಿ ನೋಡಿ ಅಲ್ಲಿದ್ದವರು ನಕ್ಕರು. "ಸಾರ್, ಮನೆಗೆ ಅರ್ಜಿ ಬರುತ್ತೆ, ಕಾಂಪೌಂಡಿಗೆ ಬರುತ್ತೆ. ಕಿಟಕಿಗೆ ಅರ್ಜಿ ಕೊಟ್ಟವರು ನೀವೇ ಮೊದಲು." ನಕ್ಕ ಮೇಲೆ ಕೇಳಿದ್ದು ಇ-ಸ್ವತ್ತಿನ ನಮೂನೆ 9, ನಮೂನೆ 11, ಕಂದಾಯ ಕಟ್ಟಿದ ರಸೀದಿ, ಕೈನಕ್ಷೆ, ಆಮೇಲೆ ಆಚೆ ಮನೆಯವರಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ. ಮೊದಲ ನಾಲ್ಕಕ್ಕೆ ಒಂದು ತಿಂಗಳು ಓಡಾಡಿದೆ. ಅದರ ಬಗ್ಗೆ ಬರೆಯಲು ಹೊಸದೇನಿಲ್ಲ, ಎಲ್ಲರೂ ಓಡಾಡಿದವರೇ. ಐದನೆಯದಕ್ಕೆ ಹದಿನೈದು ಹೆಜ್ಜೆ ಹೋಗಬೇಕಿತ್ತು. ಅದಕ್ಕೆ ಎರಡು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಬೇಸಿಗೆ ರಜೆಗೆ ಮೊಮ್ಮಗಳು ಬಂದಳು. ಎಂಟನೇ ಕ್ಲಾಸು ಮುಗಿಸಿದವಳು, ಎರಡು ವರ್ಷದಿಂದ ಕನ್ನಡಕ. "ಕತ್ತಲೆ ಮನೇಲಿ ಓದಿದ್ರೆ ಕಣ್ಣು ಹೋಗುತ್ತಾ ತಾತ?" ಎಂದು ಕೇಳಿದಳು. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ದಣಿಯುತ್ತದೆ, ಹಾಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಹಗಲಿನ ಬಯಲು ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ ಎಂಬುದು ನಿಜ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಮೂರು ವರ್ಷ ಒಂದು ಪ್ರಯೋಗ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ಬಂದರೆ, ಹಾಗೆ ಬಿಡದ ಮಕ್ಕಳಲ್ಲಿ ಸುಮಾರು 40 ಮಂದಿಗೆ ಬಂತು. ಹಾಗಾಗಿ ಮಕ್ಕಳೇ, ಕಿಟಕಿ ಅಜ್ಜಿ ತಾತನಿಗೆ. ನೀವು ತೋಟಕ್ಕೆ ಹೋಗಿ.

ಅವಳಿಗೆ ಇಂಗ್ಲೆಂಡಿನ ಕಿಟಕಿ ತೆರಿಗೆಯ ಕಥೆಯನ್ನೂ ಹೇಳಿದೆ. 1696ರಲ್ಲಿ ಅಲ್ಲಿನ ಸರ್ಕಾರ ಮನೆಗೆಷ್ಟು ಕಿಟಕಿಯೋ ಅದರ ಮೇಲೆ ತೆರಿಗೆ ಹಾಕಿತು. ಜನ ತೆರಿಗೆ ತಪ್ಪಿಸಿಕೊಳ್ಳಲು ಕಿಟಕಿಗಳಿಗೆ ಇಟ್ಟಿಗೆ ತುಂಬಿ ಮುಚ್ಚಿದರು. 1851ರವರೆಗೆ, ಅಂದರೆ ನೂರೈವತ್ತೈದು ವರ್ಷ ಆ ತೆರಿಗೆ ಇತ್ತು. ಮುಚ್ಚಿದ ಕಿಟಕಿಗಳು ಹಳೆಯ ಮನೆಗಳಲ್ಲಿ ಈಗಲೂ ಹಾಗೇ ಇವೆ. "ಬೆಳಕಿಗೂ ಟ್ಯಾಕ್ಸಾ ತಾತ!" ಎಂದು ಬಾಯಿ ತೆರೆದಳು. ನಮ್ಮ ಸೀಮೆಯಲ್ಲಿ ಆ ತೆರಿಗೆ ಹಾಕಿದ್ದರೆ ಸರ್ಕಾರಕ್ಕೆ ಬಿಡಿಗಾಸೂ ಹುಟ್ಟುತ್ತಿರಲಿಲ್ಲ.

ಏಪ್ರಿಲ್‌ನ ಒಂದು ಬೆಳಿಗ್ಗೆ ಅಣ್ಣಯ್ಯನ ಮನೆಗೆ ಹೋದೆ. ಮೊಮ್ಮಗಳೂ ಜೊತೆಗೆ ಬಂದಳು. ಅಣ್ಣಯ್ಯ ಜಗಲಿಯ ಮೇಲೆ ಕೂತು ಕೈಗೆ ಸಿಕ್ಕ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ.

"ಬಾರೋ, ಕೂತ್ಕೊ. ಕಿಟಕಿ ಇಡ್ತೀಯಂತಲ್ಲ?" ಎಂದ. ಪಂಚಾಯಿತಿಗೆ ಹೋದ ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ನೀನು ಒಪ್ಪಿದ್ರೆ, ಅಣ್ಣಯ್ಯ."

"ಇಪ್ಪತ್ತು ವರ್ಷ ಆದ್ಮೇಲೆ ಆ ಬೆಳಕು ನಿಂದೇ ಆಗೋಗುತ್ತಂತಲ್ಲೋ. ಆಮೇಲೆ ನಾನು ನನ್ನ ಜಾಗದಲ್ಲಿ ಗೋಡೆ ಕಟ್ಟಂಗಿಲ್ಲ, ಕಾಯಿ ಒಟ್ಟಂಗಿಲ್ಲ."

ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹೇಳಿದ್ದು ಸರಿಯಾದ ಕಾನೂನು. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ 15ನೇ ಪ್ರಕರಣದಂತೆ, ಒಂದು ಕಟ್ಟಡಕ್ಕೆ ಪಕ್ಕದ ಜಾಗದ ಮೇಲಿಂದ ಬೆಳಕು ಗಾಳಿ ತಡೆಯಿಲ್ಲದೆ, ತಕರಾರಿಲ್ಲದೆ, ಹಕ್ಕೆಂಬಂತೆ ಇಪ್ಪತ್ತು ವರ್ಷ ಬಂದಿದ್ದರೆ ಅದು ಗಟ್ಟಿಯಾದ ಹಕ್ಕಾಗುತ್ತದೆ. ಇದರ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿ 1832ರ ಕಾನೂನೂ ಇಪ್ಪತ್ತು ವರ್ಷ ಎನ್ನುತ್ತದೆ. ಲಂಡನ್ನಿನ ಕೆಲವು ಹಳೆಯ ಕಟ್ಟಡಗಳ ಕಿಟಕಿಯ ಕೆಳಗೆ 'ಪ್ರಾಚೀನ ಬೆಳಕುಗಳು' ಎಂಬ ಅರ್ಥದ ಫಲಕ ಇರುತ್ತದೆ. ನಮ್ಮ ಬೆಳಕಿಗೆ ಅಡ್ಡ ಕಟ್ಟಬೇಡಿ ಎಂಬ ಎಚ್ಚರಿಕೆ ಅದು. ಹಳ್ಳಿಯಲ್ಲಿ ಪಕ್ಕದವರು ಕಿಟಕಿ ತೆರೆದರೆ ಜಗಳವಾಗುವುದು ಬರೀ ಹಟಕ್ಕಲ್ಲ, ಈ ಭಯಕ್ಕೆ.

ಆದರೆ ಅದೇ ಪ್ರಕರಣದ ಅಡಿಯಲ್ಲಿ ಒಂದು ವಿವರಣೆ ಇದೆ. ಜಾಗದ ಒಡೆಯನ ಜೊತೆ ಒಪ್ಪಂದ ಮಾಡಿಕೊಂಡು, ಇದು ಹಕ್ಕಾಗಿ ಕೊಟ್ಟದ್ದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದ್ದರೆ, ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ವರ್ಷ ಬೆಳಕು ಬಂದರೂ ಅದು ಅನುಮತಿಯ ಬೆಳಕೇ. ಇದನ್ನು ಅಣ್ಣಯ್ಯನಿಗೆ ಬಿಡಿಸಿ ಹೇಳಿ, "ಬರೆದುಕೊಡ್ತೀನಿ" ಎಂದೆ. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಇಪ್ಪತ್ತು ವರ್ಷಕ್ಕೆ ನಂಗೆ ನೂರಾ ಎರಡು. ನಿಂಗೆ?"

"ತೊಂಬತ್ನಾಕು."

"ನ್ಯಾಯ ಮಾಡೋಕೆ ಇಬ್ರಿಗೂ ಕಿವಿ ಕೇಳ್ಸಲ್ಲ ಬಿಡು," ಎಂದು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಆದರೆ ಒಪ್ಪಿದೆ ಎನ್ನಲಿಲ್ಲ.

ಕಷ್ಟ ಬೇರೆಯೂ ಇತ್ತು. ನಡುಗೋಡೆಯಲ್ಲಿ ಕಿಟಕಿ ಇಟ್ಟರೆ ಅದು ತೆರೆಯುವುದು ಅಣ್ಣಯ್ಯನ ಅರ್ಧ ತೊಟ್ಟಿಗೆ. ಅದರ ಮೇಲೆ ಜಿಂಕ್ ಶೀಟು. ಕತ್ತಲೆಯಿಂದ ಕತ್ತಲೆಗೆ ಕಿಟಕಿ ಇಟ್ಟಂತೆ! ಶೀಟು ತೆಗೆದರಷ್ಟೇ ಬೆಳಕು. ಇದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದ್ದು ಒಳಗಿನಿಂದ ಬಂದ ಅತ್ತಿಗೆ.

"ಆ ಶೀಟು ತೆಗೆಸಿ ಅಂತ ನಾನು ನಲವತ್ತು ವರ್ಷದಿಂದ ಬಡ್ಕೋತಿದೀನಿ. ಬೇಸಿಗೇಲಿ ಅದರ ಕೆಳಗೆ ಬೆಂದೋಗ್ತೀನಿ. ತುಳಸೀನ ತೊಟ್ಟೀಲಿಂದ ಎತ್ತಿ ಬೀದೀಲಿಟ್ರು. ದನ ಎಷ್ಟು ಸಲ ತಿಂತು, ಕೇಳಿ ನಿಮ್ಮಣ್ಣನ್ನ."

"ಕಾಯಿ ಎಲ್ಲಿ ಒಟ್ಲೇ?" ಎಂದ ಅಣ್ಣಯ್ಯ.

"ಎಲ್ಲಿದೆ ಕಾಯಿ? ತೋರ್ಸಿ."

ಅತ್ತಿಗೆಯ ಮಾತು ನಿಜ. 2025ರ ಬೇಸಿಗೆ ಹಾಗಿತ್ತು. ರೋಗ, ಹುಳು, ಹಿಂದಿನ ವರ್ಷಗಳ ಬರ ಎಲ್ಲ ಸೇರಿ ಇಳುವರಿ ಬಿದ್ದಿತ್ತು. ಬೆಲೆ ಮಾತ್ರ ಏರುತ್ತಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದರೆ, ತಿಪಟೂರು ಮಾರುಕಟ್ಟೆ ಅದನ್ನು ದಾಟಿ ಬಹಳ ಮೇಲೆ ಹೋಗಿತ್ತು. ಹಸಿ ಕಾಯಿಗೇ ಒಳ್ಳೆಯ ದುಡ್ಡು ಸಿಗುವಾಗ ಹತ್ತು ತಿಂಗಳು ಅಟ್ಟದಲ್ಲಿ ಯಾರು ಕಾಯುತ್ತಾರೆ? ಅರ್ಧ ತೊಟ್ಟಿಯಲ್ಲಿ ಇದ್ದದ್ದು ನಾಲ್ಕು ಮಂಕರಿ ಕಾಯಿ, ಒಂದು ಮುರಿದ ಸೈಕಲ್ಲು.

ಅಣ್ಣಯ್ಯ ಎದ್ದು ಒಳಗೆ ಹೋಗಿ ತೊಟ್ಟಿಯ ನೆಲ ನೋಡಿದ. ಆಮೇಲೆ ಬಂದದ್ದೇ ಈ ವ್ಯವಹಾರದ ಮುಖ್ಯ ಮಾತು. "ಶೀಟು ತೆಗೀತೀನಿ. ಮಳೆ ಬಂದ್ರೆ ನೀರೆಲ್ಲಿಗೆ ಹೋಗ್ಬೇಕು? ತೊಟ್ಟಿ ವಾಟ ಇರೋದು ನಿನ್ನ ಕಡೀಕೆ. ಮೋರಿ ನಿಮ್ಮಪ್ಪ ಮುಚ್ಚಿದ್ದು."

ಅದೂ ನಿಜ. ಇಡೀ ತೊಟ್ಟಿಯ ಇಳಿಜಾರು ಪಡುವಣಕ್ಕೆ. ನಮ್ಮಜ್ಜನ ಕಾಲದ ಕಲ್ಲಿನ ಮೋರಿ ನಮ್ಮ ಪಾಲಿನಲ್ಲಿ ಬಂದಿತ್ತು, ನಡುಮನೆಗೆ ಗಾರೆ ಹಾಕುವಾಗ ಅದು ನೆಲದಡಿ ಸೇರಿತು. ನನಗೆ ಬೆಳಕು ಬೇಕಿದ್ದರೆ ಅವನಿಗೆ ನೀರಿನ ದಾರಿ ಬೇಕು. ನನ್ನ ಮನೆಯ ನೆಲ ಅಗೆಯಬೇಕು.

ಮನೆಗೆ ಬಂದು ನನ್ನಾಕೆಗೆ ಹೇಳಿದೆ. ನೆಲ ಅಗೆಯುವುದೆಂದರೆ ಅಡುಗೆಮನೆಯ ಅಂಚಿನವರೆಗೆ ಅಗೆಯಬೇಕು, ಹದಿನೈದು ದಿನ ಧೂಳು. ಅವಳು ಮಣಿಕಟ್ಟು ನೀವಿಕೊಳ್ಳುತ್ತಾ, "ಹೊಸಲನ್ನೂ ತೆಗೆಸಿಬಿಡಿ ರೀ ಹಂಗೇ," ಎಂದಳು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೇಗ ಸಿಕ್ಕ ಅನುಮತಿ ಅದು.

ಅತ್ಯಂತ ನಿಧಾನ ಸಿಕ್ಕದ್ದು ಬೆಂಗಳೂರಿನಲ್ಲಿರುವ ಅಣ್ಣಯ್ಯನ ಮಗನದು. ಮುಂದೊಂದು ದಿನ ಆ ಮನೆ ಅವನದೇ. "ಚಿಕ್ಕಪ್ಪ, ನಾಳೆ ಮಾರೋಣ ಅಂದ್ರೆ, ಹೊಸದಾಗಿ ಕಟ್ಟೋಣ ಅಂದ್ರೆ, ಈ ಕಿಟಕಿ ತೊಡಕಾಗುತ್ತೆ," ಎಂದು ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿದ. ತಪ್ಪೇನಿಲ್ಲ, ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. 15ನೇ ಪ್ರಕರಣದ ವಿವರಣೆ ಕಳಿಸಿದೆ. ಅವನು ಪರಿಚಯದ ವಕೀಲರಿಗೆ ತೋರಿಸಿ ಒಂದು ಷರತ್ತು ಸೇರಿಸಿದ: ಮೂಡಣದ ಮನೆಯವರು ಆರು ತಿಂಗಳು ಮುಂಚೆ ಬರೆದು ತಿಳಿಸಿದರೆ ಪಡುವಣದವರು ಕಿಟಕಿ ಮುಚ್ಚತಕ್ಕದ್ದು. ಓದಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಒಪ್ಪಿದೆ.

ಇ-ಸ್ಟಾಂಪ್ ಕಾಗದದ ಮೇಲೆ ಕರಾರು ನಾನೇ ಬರೆದೆ. ಸಾಲಪತ್ರಗಳನ್ನು ಮೂವತ್ತೆಂಟು ವರ್ಷ ಓದಿದ ಕೈ, ಒಂದು ಅಲ್ಪವಿರಾಮವೂ ಸಡಿಲವಿಲ್ಲ. ಬೆಳಕು ಮೂಡಣದವರ ಅನುಮತಿಯಿಂದ. ನೀರಿನ ದಾರಿ ಪಡುವಣದವರ ಅನುಮತಿಯಿಂದ. ಎರಡೂ ಹಕ್ಕಲ್ಲ. ಅಣ್ಣಯ್ಯ ಪೂರ್ತಿ ಓದಿಸಿಕೊಂಡು, "ನೀರು ಎಲ್ಲಿಗೆ ಹೋಗಿ ಬೀಳುತ್ತೆ?" ಎಂದ. ನಮ್ಮ ಹಿತ್ತಲಿನ ತೆಂಗಿನಮರದ ಪಾತಿಗೆ ಎಂದೆ. "ನನ್ನ ಸೂರಿನ ನೀರು ಕುಡಿದು ನಿನ್ನ ಮರ ಕಾಯಿ ಬಿಡ್ತದೆ, ಹಂಗಾದ್ರೆ ಅರ್ಧ ನಂದು ಅಂತ ಬರಿ." ತಮಾಷೆಗೆ ಹೇಳುತ್ತಿದ್ದಾನೆಂದುಕೊಂಡೆ. ಅಲ್ಲ. ಬರೆದೆ. ತಿಪಟೂರು ಟಾಲ್ ಮರ, ವರ್ಷಕ್ಕೆ ಎಪ್ಪತ್ತು ಎಂಬತ್ತು ಕಾಯಿ ಬಿಡುತ್ತದೆ.

ಇನ್ನೊಂದು ತೊಡಕು ಮಾತ್ರ ಉಳಿಯಿತು. ಅವರ ಬಚ್ಚಲಿನ ಬಾಗಿಲು ತೊಟ್ಟಿಗೆ ತೆರೆಯುತ್ತದೆ. ನಮ್ಮ ಕಿಟಕಿಯಿಂದ ಕಾಣಬಾರದು. ತೀರಾ ಮೇಲೆ ಇಟ್ಟರೆ ಬೆಳಕು ಎದುರು ಗೋಡೆಗೆ ಬಿದ್ದು ವ್ಯರ್ಥ, ಕೆಳಗೆ ಇಟ್ಟರೆ ಮರೆ ಇಲ್ಲ. ಇದಕ್ಕೆ ದಾರಿ ತೋರಿಸಿದವಳು ಮೊಮ್ಮಗಳು. ಶಾಲೆಯಿಂದ ಬೇಲೂರಿಗೆ ಪ್ರವಾಸ ಹೋಗಿದ್ದಳು. "ಅಲ್ಲಿ ಕಲ್ಲಿನಲ್ಲೇ ತೂತು ತೂತು ಕಿಟಕಿ ಇದೆಯಲ್ಲ ತಾತ, ಒಳಗೆ ಬೆಳಕು ಬರುತ್ತೆ, ಹೊರಗಿನವರು ಕಾಣಲ್ಲ." ಜಾಲಂಧ್ರ! ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದಾಗ ನವರಂಗ ಸುತ್ತಲೂ ತೆರೆದಿತ್ತು. ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ ಆ ಜಾಲಂಧ್ರಗಳನ್ನು ಕೂರಿಸಿದರು. ನಮಗೆ ಹೊಯ್ಸಳ ಶಿಲ್ಪಿಗಳು ಸಿಗಲಿಲ್ಲ, ತಿಪಟೂರಿನ ಅಂಗಡಿಯಲ್ಲಿ ಸಿಮೆಂಟ್ ಜಾಲಿ ಸಿಕ್ಕಿತು.

ಗಾರೆ ಕೆಲಸದ ಮೇಸ್ತ್ರಿ ಮೇ ತಿಂಗಳ ಮೊದಲ ವಾರ ಬಂದ. ಮಕ್ಕಳೇ, ನಿಂತಿರುವ ಗೋಡೆಯಲ್ಲಿ ಕಿಟಕಿ ತೆರೆಯುವುದು ಹೇಗೆ ಗೊತ್ತೇ? ಮೊದಲು ತೂತು ಮಾಡಿದರೆ ಮೇಲಿನ ಗೋಡೆ ಕುಸಿಯುತ್ತದೆ. ಮೊದಲು ಮೋಲ್ಡಿನ ಅಡಿಗೆ ನೀಲಗಿರಿ ಬೊಂಬು ಆನಿಸಿ ಭಾರ ಹಿಡಿದರು. ಆಮೇಲೆ ಕಿಟಕಿ ಬರುವ ಜಾಗದ ಮೇಲ್ಗಡೆ ಗೋಡೆಯ ಅರ್ಧ ದಪ್ಪಕ್ಕೆ ಮಾತ್ರ ಕೊರೆದು ಒಂದು ಲಿಂಟಲ್ ಕೂರಿಸಿದರು. ಅದು ಬಿಗಿಯಾದ ಮೇಲೆ ಅಣ್ಣಯ್ಯನ ಮನೆಯ ಕಡೆಯಿಂದ ಉಳಿದರ್ಧ ಕೊರೆದು ಇನ್ನೊಂದು. ಎರಡೂ ಕಡೆಯಿಂದ ಹಿಡಿದುಕೊಂಡ ಮೇಲಷ್ಟೇ ಕೆಳಗಿನ ಇಟ್ಟಿಗೆ ಬಿಚ್ಚಿದರು. ಬಿಚ್ಚಿದ ಇಟ್ಟಿಗೆಯನ್ನು ಅಣ್ಣಯ್ಯ ಎಣಿಸಿ ಎರಡು ರಾಶಿ ಮಾಡಿಸಿದ. ಗೋಡೆಯ ಖರ್ಚು ಅರ್ಧರ್ಧ ಇತ್ತಲ್ಲ!

ನೆಲದಡಿ ನಾಲ್ಕಿಂಚಿನ ಪಿವಿಸಿ ಪೈಪು, ಹತ್ತಡಿಗೆ ಮೂರಿಂಚು ವಾಟ. ಅಗೆಯುವಾಗ ಅಜ್ಜನ ಕಲ್ಲಿನ ಮೋರಿ ಸಿಕ್ಕಿತು. ಮೇಸ್ತ್ರಿ ಅದರ ಮೇಲೆ ನೀರು ಸುರಿದು, "ಇದರ ವಾಟ ನನ್ನದಕ್ಕಿಂತ ಚೆನ್ನಾಗೈತೆ," ಎಂದು ಪೈಪನ್ನು ಅದರೊಳಗೇ ಇಟ್ಟ. ಕಿಟಕಿ, ಜಾಲಿ, ಪೈಪು, ನೆಲ ಎಲ್ಲ ಸೇರಿ ಖರ್ಚು ನಾನು ಅಂದಾಜಿಸಿದ್ದರ ಒಂದೂವರೆ ಪಾಲು ಆಯಿತು. ಮೂಡಣಕ್ಕೆ ಕಿಟಕಿ ಶುಭವೆಂದು ವಾಸ್ತು ತಿಳಿದವರೊಬ್ಬರು ಹೇಳಿದರು. ಯಾರೂ ಅವರನ್ನು ಕೇಳಿರಲಿಲ್ಲ.

ಶೀಟು ಇಳಿಸಿದ್ದು ಒಂದು ಭಾನುವಾರ. ಮಾರನೆಯ ಬೆಳಿಗ್ಗೆ ಏಳೂವರೆಗೆ ನಡುಮನೆಗೆ ಹೋದಾಗ ಮೊದಲು ಕಂಡದ್ದು ಬೆಳಕಲ್ಲ, ಕೊಳೆ. ಹದಿಮೂರು ವರ್ಷ ಟ್ಯೂಬ್‌ಲೈಟಿನಲ್ಲಿ ಕಾಣದಿದ್ದ ಜೇಡರಬಲೆ, ಗೋಡೆಯ ಎಣ್ಣೆ ಗುರುತು, ಅಪ್ಪ ಪೆನ್ಸಿಲಿನಲ್ಲಿ ಬರೆದಿಟ್ಟ ಯಾವುದೋ ಕಾಯಿ ಲೆಕ್ಕ. ನನ್ನಾಕೆ ಪೊರಕೆ ಹಿಡಿದು ಎರಡು ದಿನ ಬಿಡಲಿಲ್ಲ. ಆ ಲೆಕ್ಕವನ್ನು ಮಾತ್ರ ಸುಣ್ಣ ಹೊಡೆಯುವವನಿಗೆ ಬಿಡಲಿಲ್ಲ. ಮೂರನೆಯ ದಿನ ಮೊರ ತಂದು ಕಿಟಕಿಯ ಕೆಳಗೆ ಕೂತು ಅಕ್ಕಿ ಆರಿಸಿದಳು. ಜೂನ್‌ನ ಮೊದಲ ಜೋರು ಮಳೆಗೆ ನಾವಿಬ್ಬರೂ ನೆಲಕ್ಕೆ ಕಿವಿಗೊಟ್ಟು ನಿಂತೆವು. ಅಡಿಯಲ್ಲಿ ನೀರು ಹರಿಯುವ ಸದ್ದು ಕೇಳಿಸಿತು. ಆಚೆಯಿಂದ ಅಣ್ಣಯ್ಯ, "ಬಂತೇನೋ ಪಾತಿಗೆ?" ಎಂದು ಕೂಗಿದ. ಛತ್ರಿ ಹಿಡಿದು ಹಿತ್ತಲಿಗೆ ಹೋಗಿ ನೋಡಿ ಬಂದು, "ಬಂತು" ಎಂದು ಕೂಗಿದೆ. ಪಂಚಾಯಿತಿಯ ಅನುಮತಿ ಪತ್ರ ಮೇ ತಿಂಗಳ ಮೊದಲ ದಿನವೇ ಕೈಗೆ ಬಂದಿತ್ತು. ಅದನ್ನೂ ಕರಾರನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ಜಾಲಿಯಿಂದ ಅವರು ಕಾಣುವುದಿಲ್ಲ, ಅವರಿಗೆ ನಾವು ಕಾಣುವುದಿಲ್ಲ. ಅತ್ತಿಗೆ ತುಳಸಿಗೆ ನೀರು ಹಾಕುವುದು, ಬಚ್ಚಲ ಬಾಗಿಲು ಕಿರ್ ಎನ್ನುವುದು, ಅವರ ಟಿವಿಯ ಧಾರಾವಾಹಿ ಎಲ್ಲ ಕೇಳುತ್ತದೆ. ಇದಕ್ಕೆ ಕರಾರಿನಲ್ಲಿ ಷರತ್ತು ಹಾಕಲು ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನಾಕೆ ಆಗಾಗ ಚುಚ್ಚುತ್ತಾಳೆ. ಅಣ್ಣಯ್ಯನ ಕಣ್ಣಿಗೂ ಪೊರೆ ಬಂದಿದೆ, ಆಪರೇಷನ್ ಬೇಡವೆಂದು ಹಟ. ಬೆಳಿಗ್ಗೆ ಎಂಟಕ್ಕೆ ನಾನು ಕಿಟಕಿಯ ಪಕ್ಕ ಪೇಪರ್ ಹಿಡಿದು ಕೂರುತ್ತೇನೆ. ಹಾಳೆ ಮಗುಚುವ ಸದ್ದಿಗೆ ಆಚೆಯಿಂದ ಮಾತು ಬರುತ್ತದೆ.

"ಕೊಬ್ಬರಿ ಎಷ್ಟಾಯ್ತೋ ನೆನ್ನೆ?"

ಓದಿ ಹೇಳುತ್ತೇನೆ.